ರಾಯಭಾರಿಯ ಕಿವಿಯೂ ಲೇಖನಿಯೂ

ರಾಯಭಾರಿಯೆಂದೊಡನೆ ನಮ್ಮ ನೆನಪಿಗೆ ಬರುವವರು ಲಂಕೆಗೆ ಹೋದ ಹನುಮಂತ, ಹಸ್ತಿನಾವತಿಗೆ ಹೋದ ಶ್ರೀಕೃಷ್ಣ. ಇಬ್ಬರೂ ಒಂದೊಂದು ಕಾರ್ಯದ ನಿಮಿತ್ತ ಹೋದವರು. ಕಾರ್ಯ ಆದೊಡನೆ, ಅಥವಾ ಕೆಟ್ಟೊಡನೆ, ಹಿಂದಿರುಗಿದವರು. ಯೂರೋಪಿನಲ್ಲಿಯೂ ಬಹುಕಾಲ ಇದೇ ಪದ್ಧತಿಯಿತ್ತು. ಹದಿನೈದನೆಯ ಶತಮಾನದಲ್ಲಿ ಇಟಲಿಯ ಮಿಲಾನ್, ಫ್ಲಾರೆನ್ಸ್, ವೆನಿಸ್ ಮೊದಲಾದ ರಾಜ್ಯಗಳು ಹೊಸದೊಂದು ರೂಢಿಯನ್ನು ಆರಂಭಿಸಿದವು. ರಾಯಭಾರಿಯು ಹೇಳಬೇಕಾದುದನ್ನು ಹೇಳಿ ಹಿಂದಿರುಗದೆ, ಪರರಾಜ್ಯದಲ್ಲಿಯೇ ಮನೆಮಾಡಿಕೊಂಡು ಎರಡು ಮೂರು ವರ್ಷ ನಿಲ್ಲತೊಡಗಿದನು. ಸಂಧಿಯಿಲ್ಲ, ವಿವಾಹದ ಮಾತಿಲ್ಲ, ಯುದ್ಧವಿಲ್ಲ. ಅಂತಹ ದಿನಗಳಲ್ಲಿ ಅವನಿಗೆ ಅಲ್ಲೇನು ಕೆಲಸ? ಕೇಳುವುದು ಮತ್ತು ಬರೆಯುವುದು. ಈ ಎರಡು ಕೆಲಸಗಳನ್ನು ಅವನು ಹೇಗೆ ನಡೆಸಿದನೆಂಬುದೇ ಈ ಲೇಖನದ ವಿಷಯ.

ಇದನ್ನು ನಾನು ಆರಿಸಿಕೊಂಡುದಕ್ಕೆ ಕಾರಣವುಂಟು. ಇತಿಹಾಸದ ವಿದ್ಯಾರ್ಥಿಗಳಾದ ನಾವು ವಿಜಯನಗರದ ಪಾಠ ಬಂದಾಗ ಪರದೇಶದವರ ಹೆಸರುಗಳನ್ನು ಮಗ್ಗಿಯಂತೆ ಒಪ್ಪಿಸುತ್ತೇವೆ. 1443, ಅಬ್ದುರ್ ರಜಾಕ್. 1520ರ ಸುಮಾರು, ಪಾಯೆಸ್. 1535ರ ಸುಮಾರು, ನೂನಿಜ್. ಉತ್ತರಪತ್ರಿಕೆಯಲ್ಲಿ "ಇಂಥವನು ಹೀಗೆ ಹೇಳಿದ್ದಾನೆ" ಎಂದು ಬರೆದರೆ ಅಂಕಗಳು ಬರುತ್ತವೆ. ಆದರೆ ಅವನಿಗೆ ಆ ಸಂಗತಿಯನ್ನು ಹೇಳಿದವರು ಯಾರು? ಯಾವ ಭಾಷೆಯಲ್ಲಿ ಹೇಳಿದರು? ಅವನು ಯಾರಿಗಾಗಿ, ಏನನ್ನು ತಿಳಿಯಲೆಂದು ಕೇಳಿದನು? ಈ ಪ್ರಶ್ನೆಗಳನ್ನು ನಾವು ಕೇಳುವುದು ಅಪರೂಪ. ಕೇಳದಿದ್ದರೆ ಆಗುವ ನಷ್ಟ ಅಲ್ಪವಲ್ಲವೆಂದು ನನಗೆ ತೋರುತ್ತದೆ.

ಮೊದಲು ವೆನಿಸ್ಸನ್ನು ನೋಡೋಣ. ಈ ವಿದ್ಯೆಯಲ್ಲಿ ಅದು ಮಿಕ್ಕವರಿಗೆಲ್ಲ ಗುರುಸ್ಥಾನದಲ್ಲಿತ್ತು. ಗದ್ದೆಯಿಲ್ಲದ, ಗಣಿಯಿಲ್ಲದ, ಉಪ್ಪುನೀರಿನ ಮೇಲೆ ನಿಂತ ಆ ನಗರ ಬದುಕಿದ್ದು ವ್ಯಾಪಾರದಿಂದ. ವ್ಯಾಪಾರ ಬದುಕಿದ್ದು ಸುದ್ದಿಯಿಂದ. 1268ರಷ್ಟು ಹಿಂದೆಯೇ, ರಾಯಭಾರಿಯು ಹಿಂದಿರುಗಿದ ಮೇಲೆ ತನಗೆ ಬಂದ ಉಡುಗೊರೆಗಳನ್ನು ರಾಜ್ಯಕ್ಕೆ ಒಪ್ಪಿಸಬೇಕೆಂದೂ ರಾಜ್ಯಕ್ಕೆ ಹಿತವಾದ ಸಂಗತಿಗಳನ್ನು ನಿವೇದಿಸಬೇಕೆಂದೂ ಅಲ್ಲಿ ಕಟ್ಟಳೆಯಾಗಿತ್ತು. ಹದಿನಾರನೆಯ ಶತಮಾನದ ಹೊತ್ತಿಗೆ ಈ ನಿವೇದನೆ ಒಂದು ದೊಡ್ಡ ಬರಹದ ರೂಪವನ್ನೇ ತಾಳಿತ್ತು. ರಾಯಭಾರಿಯು ಪರದೇಶದಲ್ಲಿರುವಾಗ ವಾರವಾರವೂ, ಅಗತ್ಯ ಬಿದ್ದರೆ ದಿನದಿನವೂ ಪತ್ರ ಬರೆಯುವನು. ಅವಧಿ ಮುಗಿದು ಬಂದಮೇಲೆ ಸೆನೆಟ್ಟಿನ ಮುಂದೆ ನಿಂತು, ಆ ದೇಶದ ದೊರೆಯ ಸ್ವಭಾವ, ಅವನ ಮಂತ್ರಿಗಳಲ್ಲಿನ ಒಳಜಗಳ, ಬೊಕ್ಕಸದ ಆದಾಯ, ಸೈನ್ಯದ ಬಲ, ಜನರ ಅಸಮಾಧಾನ ಎಲ್ಲವನ್ನೂ ಗಂಟೆಗಟ್ಟಲೆ ವರದಿಯಾಗಿ ಓದುವನು. ಆ ವರದಿ ದಫ್ತರದಲ್ಲಿ ಉಳಿಯುವುದು. ಮುಂದೆ ಅದೇ ದೇಶಕ್ಕೆ ಹೊರಟ ತರುಣ ರಾಯಭಾರಿಗೆ ಹಿಂದಿನವರ ವರದಿಗಳೇ ಪಠ್ಯಪುಸ್ತಕ. ಗುಟ್ಟಾಗಿ ಇರಬೇಕಾಗಿದ್ದ ಇವುಗಳ ನಕಲುಗಳು ಹೇಗೋ ಹೊರಬಿದ್ದು ಯೂರೋಪಿನಲ್ಲೆಲ್ಲ ಮಾರಾಟವಾಗುತ್ತಿದ್ದುವೆಂಬುದು ಬೇರೆ ಮಾತು. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ರಾಂಕೆ ಎಂಬ ಇತಿಹಾಸಕಾರನು ಆಧಾರಪತ್ರಗಳಿಂದಲೇ ಇತಿಹಾಸವನ್ನು ಬರೆಯಬೇಕೆಂಬ ಪಂಥವನ್ನು ಹಿಡಿದಾಗ ಅವನ ಕೈಗೆ ಮೊದಮೊದಲು ದೊರೆತ ನಿಧಿಗಳಲ್ಲಿ ಈ ವರದಿಗಳೂ ಸೇರಿದ್ದುವು.

ಸುದ್ದಿ ಸಂಗ್ರಹದ ಕಷ್ಟವನ್ನು ತಿಳಿಯಲು 1501ರ ಲಿಸ್ಬನ್ ನಗರಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. ವಾಸ್ಕೋ ಡ ಗಾಮನು 1498ರಲ್ಲಿ ಕಲ್ಲಿಕೋಟೆಯನ್ನು ಮುಟ್ಟಿ ಮರುವರ್ಷ ಹಿಂದಿರುಗಿದ್ದನು. ಅದುವರೆಗೆ ನಮ್ಮ ಪಶ್ಚಿಮತೀರದ ಮೆಣಸು ಅರಬ್ಬೀ ಸಮುದ್ರವನ್ನು ದಾಟಿ, ಕೆಂಪು ಸಮುದ್ರದ ಮೂಲಕ ಈಜಿಪ್ಟಿನ ಅಲೆಕ್ಸಾಂಡ್ರಿಯಕ್ಕೆ ಹೋಗಿ, ಅಲ್ಲಿಂದ ವೆನಿಸ್ಸಿನ ಹಡಗುಗಳನ್ನು ಏರುತ್ತಿತ್ತು. ಆಫ್ರಿಕವನ್ನು ಸುತ್ತಿ ಬರುವ ಹಾದಿ ನಿಜವಾಗಿ ಸಾಗುವುದೇ? ಎಷ್ಟು ಹಡಗು ಹೋದವು, ಎಷ್ಟು ಮುಳುಗಿದವು, ಎಷ್ಟು ಮೆಣಸು ತಂದವು? ವೆನಿಸ್ಸಿಗೆ ಇದು ಜೀವನ್ಮರಣದ ಪ್ರಶ್ನೆ. ಸ್ಪೇನಿನಲ್ಲಿದ್ದ ವೆನಿಸ್ಸಿನ ರಾಯಭಾರಿಯ ಕಡೆಯಿಂದ 'ಕ್ರೆಟಿಕೊ' ಎಂದು ಹೆಸರಾಗಿದ್ದ ವಿದ್ವಾಂಸನೊಬ್ಬನು ಲಿಸ್ಬನ್ನಿಗೆ ಹೋದನು. ಕಬ್ರಾಲನ ನೌಕಾಪಡೆಯ ಮೊದಲ ಹಡಗು ಇಂಡಿಯದಿಂದ ಬಂದು ಮುಟ್ಟಿದಾಗ ಅವನು ಅಲ್ಲಿಯೇ ಇದ್ದನು. 1501ರ ಜೂನ್ ಕೊನೆಯಲ್ಲಿ ಅವನು ಬರೆದ ಪತ್ರ ಸುಮಾರು ಒಂದು ತಿಂಗಳಲ್ಲಿ ವೆನಿಸ್ಸನ್ನು ತಲಪಿತು. ಪೋರ್ಚುಗಲ್ಲಿನ ದೊರೆ ಮಾನುಯೆಲನು ಅವನನ್ನು ಕರೆಸಿ, ಇನ್ನು ಮುಂದೆ ನಿಮ್ಮವರು ಸಂಬಾರ ಪದಾರ್ಥಗಳಿಗೆ ನಮ್ಮಲ್ಲಿಗೇ ಹಡಗು ಕಳಿಸಲಿ ಎಂದು ಹೇಳಿದನಂತೆ. ಔದಾರ್ಯದ ಮಾತಿನಲ್ಲಿ ಎಷ್ಟು ಚುಚ್ಚು! ಪತ್ರದ ಸುದ್ದಿ ಹಬ್ಬಿದಾಗ ವೆನಿಸ್ಸಿನ ಪ್ರಿಯುಲಿ ಎಂಬ ವರ್ತಕನು, ಸ್ವಾತಂತ್ರ್ಯವನ್ನು ಕಳೆದುಕೊಳ್ಳುವುದೊಂದನ್ನು ಬಿಟ್ಟರೆ ಇದಕ್ಕಿಂತ ಕೆಟ್ಟ ಸುದ್ದಿ ನಮ್ಮ ನಗರಕ್ಕೆ ಬರಲಾರದೆಂಬ ಭಾವವನ್ನು ತನ್ನ ದಿನಚರಿಯಲ್ಲಿ ಬರೆದುಕೊಂಡನು.

ದೊರೆ ತೋರಿಸಲು ಇಷ್ಟಪಟ್ಟುದನ್ನು ನೋಡುವುದು ಸುಲಭ. ಮುಚ್ಚಿಟ್ಟುದನ್ನು ನೋಡುವುದು ಕಷ್ಟ. ಹೊಸ ಹಾದಿಯ ನಕ್ಷೆಯನ್ನು ಹೊರಗಿನವರಿಗೆ ಕೊಟ್ಟವರಿಗೆ ಮರಣದಂಡನೆಯೆಂದು ದೊರೆ ವಿಧಿಸಿದ್ದಾನೆ, ಆದುದರಿಂದ ನಕ್ಷೆ ದೊರೆಯುವಂತಿಲ್ಲವೆಂದು ವೆನಿಸ್ಸಿನ ರಾಯಭಾರಿಯ ಕಾರ್ಯದರ್ಶಿಯು 1501ರಲ್ಲಿ ಬರೆದನು. ಮರುವರ್ಷವೇ ಫೆರಾರದ ಡ್ಯೂಕನ ಕಡೆಯ ಆಲ್ಬರ್ಟೋ ಕಾಂಟಿನೋ ಎಂಬುವನು ಲಿಸ್ಬನ್ನಿನಲ್ಲಿ 12 ಚಿನ್ನದ ಡುಕಾಟ್ ತೆತ್ತು ಅಂತಹ ನಕ್ಷೆಯೊಂದನ್ನು ಬರೆಯಿಸಿಕೊಂಡು ಇಟಲಿಗೆ ಸಾಗಿಸಿದನು! ಇಂಡಿಯದ ಪಶ್ಚಿಮತೀರ ಗುರುತು ಸಿಕ್ಕುವಂತೆ ಚಿತ್ರಿತವಾದ ಆ ನಕ್ಷೆ ಇಂದು ಮೊಡೆನ ನಗರದ ಗ್ರಂಥಾಲಯದಲ್ಲಿದೆ. 1859ರ ಗಲಭೆಯಲ್ಲಿ ಅದು ಕಳುವಾಗಿ, ಕೆಲವು ವರ್ಷಗಳ ಮೇಲೆ ಮಾಂಸದ ಅಂಗಡಿಯೊಂದರಲ್ಲಿ ಸಿಕ್ಕಿತು. ಮರಣದಂಡನೆಯ ಕಾವಲಿನಲ್ಲಿದ್ದ ರಾಜರಹಸ್ಯಕ್ಕೆ ಎಂತಹ ಗತಿ ಬಂದೊದಗಿತು ನೋಡಿ.

1504ರಲ್ಲಿ ವೆನಿಸ್ ಒಂದೇ ಕಾಲಕ್ಕೆ ಇಬ್ಬರು ಗುಪ್ತದೂತರನ್ನು ಎರಡು ದಿಕ್ಕಿಗೆ ಅಟ್ಟಿತು. ಫ್ರಾಂಚೆಸ್ಕೊ ಟೆಲ್ಡಿ ಎಂಬುವನು ರತ್ನಪಡಿ ವ್ಯಾಪಾರಿಯ ವೇಷದಲ್ಲಿ ಕೈರೋ ಪಟ್ಟಣಕ್ಕೆ ಹೋದನು. ಈಜಿಪ್ಟಿನ ಸುಲ್ತಾನನನ್ನು ಎಚ್ಚರಿಸುವುದು ಅವನ ಕೆಲಸ. ಲಿಯೊನಾರ್ಡೊ ಕಾ ಮಾಸೆರ್ ಎಂಬುವನು ವರ್ತಕನೆಂದು ಹೇಳಿಕೊಂಡು ಲಿಸ್ಬನ್ನಿಗೆ ಹೋದನು. ಇವನ ಗುಟ್ಟು ಹೋದ ಕೆಲವೇ ದಿನಗಳಲ್ಲಿ ರಟ್ಟಾಗಿ ಸೆರೆಯೂ ಆಯಿತು, ವಿಚಾರಣೆಯೂ ಆಯಿತು. ಆದರೂ ಬಿಡುಗಡೆ ಹೊಂದಿ ಅಲ್ಲಿಯೇ ನಿಂತನು. ಬಂದರಿನಲ್ಲಿ ನಿಂತು ಹಡಗುಗಳನ್ನೆಣಿಸಿದವರ ಹಾಗೆ, ಯಾವ ವರ್ಷ ಎಷ್ಟು ಹೋದವು, ಎಷ್ಟು ಬಂದವು, ಎಷ್ಟು ಸರಕು, ಏನು ಬೆಲೆ ಎಂದು ವರ್ಷವರ್ಷದ ಲೆಕ್ಕವನ್ನು ಕೊಡುವ ಅವನ ವರದಿ ಇಂದಿಗೂ ಉಳಿದಿದೆ. ಆ ಕಾಲದ ಮೆಣಸಿನ ವ್ಯಾಪಾರವನ್ನು ಕುರಿತು ಬರೆಯುವವರು ಅದನ್ನು ಬಿಡುವಂತಿಲ್ಲ.

ಇಲ್ಲಿ ನಾವು ಒಂದು ಕ್ಷಣ ನಿಲ್ಲಬೇಕು. ಸುದ್ದಿ ಸರಿಯಾಗಿತ್ತು, ಲೆಕ್ಕ ಸರಿಯಾಗಿತ್ತು. ಆದರೆ ಅದರಿಂದ ಪ್ರಿಯುಲಿಯಂತಹವರು ಹೊರಡಿಸಿದ ತೀರ್ಮಾನ, ಅಂದರೆ ವೆನಿಸ್ಸಿನ ವ್ಯಾಪಾರ ಇನ್ನು ಮುಗಿಯಿತೆಂಬುದು, ಸರಿಯಾಗಲಿಲ್ಲ. ಕೆಂಪು ಸಮುದ್ರದ ಹಾದಿ ಕೆಲವು ದಶಕ ಸೊರಗಿ ಮತ್ತೆ ಚೇತರಿಸಿಕೊಂಡಿತು. 1560ರ ಸುಮಾರಿಗೆ ಅಲೆಕ್ಸಾಂಡ್ರಿಯದ ಮೂಲಕ ಬರುತ್ತಿದ್ದ ಮೆಣಸು ಹಿಂದಿನ ಪ್ರಮಾಣಕ್ಕೆ ಕಡಮೆಯಿಲ್ಲದಷ್ಟಾಗಿತ್ತು. ಆ ಹಾದಿ ನಿಜವಾಗಿ ಬತ್ತಿದುದು ಹದಿನೇಳನೆಯ ಶತಮಾನದಲ್ಲಿ, ಡಚ್ಚರೂ ಇಂಗ್ಲಿಷರೂ ಬಂದಮೇಲೆ. ಕಾ ಮಾಸೆರನು ಎಣಿಸಿದ ಹಡಗುಗಳು ನಿಜವಾದವು. ಎಣಿಸಲಾಗದೆ ಉಳಿದದ್ದು ಗುಜರಾತಿನ, ಮಲಬಾರಿನ, ಅರಬ್ಬೀ ದೇಶದ ನಾವಿಕರ ಹಟ. ಲಿಸ್ಬನ್ನಿನ ಬಂದರಿನಲ್ಲಿ ಅದು ಕಾಣುವಂತಿರಲಿಲ್ಲ.

ವೆನಿಸ್ಸಿಗೆ ಅತ್ಯಂತ ಕಷ್ಟದ ಠಾಣೆಯೆಂದರೆ ತುರ್ಕರ ರಾಜಧಾನಿ ಕಾನ್‌ಸ್ಟಾಂಟಿನೋಪಲ್. ಅಲ್ಲಿನ ಅವರ ಪ್ರತಿನಿಧಿಗೆ 'ಬೈಲೋ' ಎಂದು ಹೆಸರು. ತುರ್ಕೀ ಭಾಷೆ ಅವನಿಗೆ ಬಾರದು. ದುಭಾಷಿಗಳು ಬಹುಮಟ್ಟಿಗೆ ಸುಲ್ತಾನನ ಪ್ರಜೆಗಳು. ತನ್ನ ಒಡೆಯನ ಮುಂದೆ ತನ್ನ ತಲೆಯನ್ನು ಕಾಪಾಡಿಕೊಳ್ಳಬೇಕಾದ ದುಭಾಷಿಯು ಪರರ ಗಡಸು ಮಾತನ್ನು ಗಡಸಾಗಿಯೇ ಹೇಳುವನೇ? ಇದನ್ನರಿತು 1551ರಲ್ಲಿ ವೆನಿಸ್ ತನ್ನ ಹುಡುಗರನ್ನೇ ಅಲ್ಲಿಗೆ ಕಳಿಸಿ ಭಾಷೆ ಕಲಿಸುವ ಏರ್ಪಾಟು ಮಾಡಿತು. ಪತ್ರಗಳು ಗೂಢಲಿಪಿಯಲ್ಲಿ ಹೋಗುತ್ತಿದ್ದುವು. ಅನ್ಯರ ಗೂಢಲಿಪಿಯನ್ನು ಬಿಡಿಸಲು ಜೊವಾನಿ ಸೊರೊ ಎಂಬ ಜಾಣನೊಬ್ಬನನ್ನು ಆ ರಾಜ್ಯ ಶತಮಾನದ ಆದಿಭಾಗದಲ್ಲಿಯೇ ಸಂಬಳಕೊಟ್ಟು ಇಟ್ಟುಕೊಂಡಿತ್ತು. ಪೋಪನೂ ತನಗೆ ಸಿಕ್ಕ, ತನ್ನವರಿಂದ ಬಿಡಿಸಲಾಗದ ಪತ್ರಗಳನ್ನು ಅವನ ಬಳಿಗೆ ಕಳಿಸುತ್ತಿದ್ದನು.

1570ರಲ್ಲಿ ಸೈಪ್ರಸ್ ದ್ವೀಪಕ್ಕಾಗಿ ತುರ್ಕರಿಗೂ ವೆನಿಸ್ಸಿಗೂ ಯುದ್ಧ ಹತ್ತಿತು. ಆಗ ಬೈಲೋ ಆಗಿದ್ದ ಮಾರ್ಕ್ ಆಂಟೋನಿಯೊ ಬಾರ್ಬರೊ ಎಂಬುವನನ್ನು ಅವನ ಮನೆಯಲ್ಲಿಯೇ ಕಾವಲಿನಲ್ಲಿಟ್ಟರು. ಹೊರಗೆ ಹೋಗುವಂತಿಲ್ಲ, ಕಂಡವರನ್ನು ಮಾತನಾಡಿಸುವಂತಿಲ್ಲ. ಆದರೂ ಅವನ ಪತ್ರಗಳು ವೆನಿಸ್ಸಿಗೆ ಹೋದವು! ಅವನಿಗೆ ನೆರವಾದ ಮುಖ್ಯ ವ್ಯಕ್ತಿ ಸಾಲೊಮನ್ ಅಶ್ಕೆನಾಜಿ ಎಂಬ ಯೆಹೂದ್ಯ ವೈದ್ಯ. ಇಟಲಿಯಲ್ಲಿ ಹುಟ್ಟಿ, ಪಾಡುವದಲ್ಲಿ ವೈದ್ಯವನ್ನು ಕಲಿತ ಈತನು ತುರ್ಕರ ಮಹಾಮಂತ್ರಿ ಸೊಕೊಲ್ಲು ಮೆಹಮದ್ ಪಾಷನಿಗೂ ವೈದ್ಯನಾಗಿದ್ದನು. ನಾಡಿ ನೋಡಲು ಬಂದವನನ್ನು ಯಾರು ತಡೆಯುತ್ತಾರೆ? ಆ ಮಂತ್ರಿಗೂ ಯುದ್ಧ ಮನಸ್ಸಿಗೆ ಒಪ್ಪಿದುದಾಗಿರಲಿಲ್ಲ. ಸೆರೆಯಲ್ಲಿದ್ದ ರಾಯಭಾರಿಗೂ ಅಧಿಕಾರದಲ್ಲಿದ್ದ ಮಂತ್ರಿಗೂ ನಡುವೆ ವೈದ್ಯನ ಮೂಲಕ ಮಾತು ನಡೆದು 1573ರ ಮಾರ್ಚಿಯಲ್ಲಿ ಸಂಧಿಯಾಯಿತು. ವೆನಿಸ್ ಸೈಪ್ರಸ್ಸನ್ನು ಬಿಟ್ಟುಕೊಟ್ಟಿತು. ಮರುವರ್ಷ ಅಶ್ಕೆನಾಜಿಯೇ ಸುಲ್ತಾನನ ರಾಯಭಾರಿಯಾಗಿ ವೆನಿಸ್ಸಿಗೆ ಬಂದನು. ಅವನು ಯಾರ ಮನುಷ್ಯ? ಇಬ್ಬರ ಮನುಷ್ಯನೂ ಹೌದು. ಅಂಥವನಿಂದ ಬಂದ ಸುದ್ದಿಯನ್ನು ಎಷ್ಟರ ಮಟ್ಟಿಗೆ ನಂಬಬೇಕೆಂಬುದನ್ನು ಬಾರ್ಬರೊ ದಿನದಿನವೂ ತೂಗಿ ನೋಡಬೇಕಾಗಿತ್ತು. ಅವನ ಯೋಗ್ಯತೆ ಇರುವುದು ಸುದ್ದಿಯನ್ನು ಪಡೆದುದಕ್ಕಿಂತ ಹೆಚ್ಚಾಗಿ ಈ ತೂಕದಲ್ಲಿ ಎಂದು ನನ್ನ ಅಭಿಪ್ರಾಯ.

ತೂಕ ತಪ್ಪಿದರೆ ಏನಾಗುವುದೆಂಬುದಕ್ಕೆ ಸ್ಪೇನಿನ ಮೆಂಡೋಸ ಸಾಕ್ಷಿ. ಇಂಗ್ಲೆಂಡಿನಲ್ಲಿ ರಾಯಭಾರಿಯಾಗಿದ್ದು, ಒಳಸಂಚಿನ ಆರೋಪದ ಮೇಲೆ 1584ರಲ್ಲಿ ಅಲ್ಲಿಂದ ಹೊರದೂಡಲ್ಪಟ್ಟು ಪ್ಯಾರಿಸ್ಸಿಗೆ ಹೋದವನು ಇವನು. ಮೈಯೆಲ್ಲ ಇಂಗ್ಲೆಂಡಿನ ಮೇಲಿನ ಸೇಡು. 1588ರಲ್ಲಿ ಸ್ಪೇನಿನ ಮಹಾನೌಕಾಪಡೆ ಇಂಗ್ಲೆಂಡಿನ ಮೇಲೆ ಏರಿಹೋದಾಗ, ಫ್ರಾನ್ಸಿನ ಬಂದರುಗಳಿಂದ ಬಂದ ಗಾಳಿಸುದ್ದಿಗಳನ್ನು ನಂಬಿ, ಗೆಲುವು ನಮ್ಮದಾಯಿತೆಂದು ದೊರೆಗೆ ಬರೆದನು. ಪ್ಯಾರಿಸ್ಸಿನಲ್ಲಿ ಸಾರಿಯೂ ಬಿಟ್ಟನು. ಆ ಹೊತ್ತಿಗೆ ನೌಕಾಪಡೆ ಚದರಿ ಉತ್ತರದ ಕಡಲಿಗೆ ಓಡುತ್ತಿತ್ತು. ಮೆಂಡೋಸ ದಡ್ಡನಲ್ಲ, ಅವನ ಕಾಲದಲ್ಲಿ ಅವನಷ್ಟು ಬೇಹುಗಾರರನ್ನು ಸಾಕಿದವರು ಕಡಮೆ. ಆದರೆ ಅವನು ಕೇಳಬಯಸಿದ ಸುದ್ದಿಯೊಂದಿತ್ತು. ಅದು ಬಂದಾಗ ಬಾಗಿಲಲ್ಲಿ ನಿಲ್ಲಿಸಿ ವಿಚಾರಿಸಲಿಲ್ಲ.

ಇನ್ನು ನಮ್ಮ ದೇಶಕ್ಕೆ ಬಂದವನೊಬ್ಬನನ್ನು ನೋಡೋಣ. ಸರ್ ತಾಮಸ್ ರೋ 1615ರ ಸೆಪ್ಟೆಂಬರಿನಲ್ಲಿ ಸೂರತ್ತಿನಲ್ಲಿ ಇಳಿದು, 1616ರ ಜನವರಿಯಲ್ಲಿ ಅಜಮೀರಿನಲ್ಲಿ ಜಹಾಂಗೀರ್ ಬಾದಶಹನ ದರ್ಶನ ಪಡೆದನು. ಪತ್ರ ಇಂಗ್ಲೆಂಡಿನ ದೊರೆಯದು. ವರ್ಷಕ್ಕೆ 600 ಪೌಂಡು ಸಂಬಳ ಕೊಡುವುದು ಈಸ್ಟ್ ಇಂಡಿಯ ಕಂಪೆನಿ. ಸುಮಾರು ಮೂರು ವರ್ಷ ದರಬಾರಿನ ಹಿಂದೆ ಅಜಮೀರಿನಿಂದ ಮಾಂಡುವಿಗೆ, ಮಾಂಡುವಿನಿಂದ ಅಹಮದಾಬಾದಿಗೆ ತಿರುಗಿದನು. ಅವನ ದಿನಚರಿಯನ್ನು ನಮ್ಮ ಪಠ್ಯಪುಸ್ತಕಗಳು ಧಾರಾಳವಾಗಿ ಬಳಸಿಕೊಂಡಿವೆ. ಆದರೆ ರೋ ಮಹಾಶಯನಿಗೆ ಪಾರಸಿ ಬಾರದು, ತುರ್ಕೀ ಬಾರದು, ಹಿಂದುಸ್ಥಾನಿಯೂ ಬಾರದು. ಅವನ ಕಿವಿ ಬಾಡಿಗೆಯ ಕಿವಿ. ತನ್ನ ದಲ್ಲಾಳಿಯು ಬಾದಶಹನಿಗೆ ಹಿತವಾಗುವುದನ್ನಲ್ಲದೆ ಮತ್ತೇನನ್ನೂ ಆಡುವುದಿಲ್ಲವೆಂದೂ, ತಮ್ಮ ದೊರೆಯ ಹೆಸರು ಬಾದಶಹನ ಹೆಸರಿಗಿಂತ ಮುಂದಿದೆಯೆಂಬ ಕಾರಣಕ್ಕೆ ದೊರೆಯ ಪತ್ರವನ್ನೇ ತಿದ್ದಬಯಸುತ್ತಾರೆಂದೂ ಅವನು ಗೊಣಗಿಕೊಂಡಿದ್ದಾನೆ. ದಲ್ಲಾಳಿಯ ಕಡೆಯಿಂದ ನೋಡಿದರೆ ಅವನ ತಪ್ಪೇನು? ರೋ ಒಂದು ದಿನ ಹಡಗು ಹತ್ತಿ ಹೋಗುವವನು. ದಲ್ಲಾಳಿ ಇಲ್ಲಿಯೇ ಬಾಳಬೇಕಾದವನು.

ಇದೇ ಸಮಯದಲ್ಲಿ ತಾಮಸ್ ಕೋರಿಯಟ್ ಎಂಬ ಮತ್ತೊಬ್ಬ ಇಂಗ್ಲಿಷನು ಅಜಮೀರಿನಲ್ಲಿದ್ದನು. ಬಹುಮಟ್ಟಿಗೆ ಕಾಲ್ನಡೆಯಲ್ಲಿಯೇ ಇಂಡಿಯಕ್ಕೆ ಬಂದ ಈ ವಿಚಿತ್ರ ಪುರುಷನ ಕೈಯಲ್ಲಿ ಕಾಸಿಲ್ಲ. ಆದರೆ ದಾರಿಯಲ್ಲಿ ಪಾರಸಿಯನ್ನು ಕಲಿತಿದ್ದನು. ಬಾದಶಹನು ಗವಾಕ್ಷದಲ್ಲಿ ಕುಳಿತಿದ್ದಾಗ ಕೆಳಗೆ ನಿಂತು ಪಾರಸಿಯಲ್ಲಿ ಒಂದು ಭಾಷಣವನ್ನೇ ಮಾಡಿ 100 ರೂಪಾಯಿ ಇನಾಮು ಪಡೆದನು. ಇದು ನಮ್ಮ ದೇಶಕ್ಕೆ ಅವಮಾನವೆಂದು ರೋ ಸಿಡಿಮಿಡಿಗೊಂಡನು. ಮರ್ಯಾದೆಯ ಲೆಕ್ಕದಲ್ಲಿ ರೋ ಹೇಳಿದುದು ಸರಿಯಿರಬಹುದು. ಆದರೂ ಬಾದಶಹನೊಡನೆ ಬಾಯಿಬಿಟ್ಟು ಮಾತನಾಡಿದವನು ಭಿಕ್ಷುಕ. ದುಭಾಷಿಯ ಮುಖ ನೋಡುತ್ತ ನಿಂತವನು ರಾಯಭಾರಿ.

ದರಬಾರಿನಲ್ಲಿ ನಿಜವಾದ ಅಧಿಕಾರ ನೂರ್ ಜಹಾನಳದು, ಅವಳ ಅಣ್ಣ ಆಸಫ್ ಖಾನನದು, ರಾಜಕುಮಾರ ಖುರ್ರಮನದು ಎಂದು ರೋ ಬೇಗನೆ ಗ್ರಹಿಸಿದನು. ಈ ಗ್ರಹಿಕೆ ಚುರುಕಾದದ್ದೇ. ಆದರೆ ಅಂತಃಪುರವನ್ನು ಅವನು ಎಷ್ಟು ಕಂಡಿದ್ದನು? ಒಂದು ಸಲ ಜೊಂಡಿನ ತೆರೆಯ ಹಿಂದೆ ಇಬ್ಬರು ರಾಣಿಯರು ಇವನನ್ನು ನೋಡಲೆಂದು ಸಣ್ಣ ಕಂಡಿಗಳನ್ನು ಮಾಡಿದರು; ಮೊದಲು ಬೆರಳು ಕಂಡವು, ಆಮೇಲೆ ಒಂದು ಕಣ್ಣು, ಒಮ್ಮೊಮ್ಮೆ ಮುಖ. ಅಷ್ಟೇ. ರಾಯಭಾರಿ ಅರಮನೆಯನ್ನು ನೋಡಿದ್ದಕ್ಕಿಂತ ಅರಮನೆ ರಾಯಭಾರಿಯನ್ನು ನೋಡಿದ್ದು ಹೆಚ್ಚು. ಹೀಗಿರುವಾಗ ಮೊಗಲರ ಅಂತಃಪುರ ರಾಜಕೀಯದ ಬಗೆಗೆ ಅವನ ವಾಕ್ಯಗಳನ್ನು ನಾವು ಕಣ್ಣಾರೆ ಕಂಡ ಸಾಕ್ಷಿಯೆಂದು ಎತ್ತಿ ಬರೆಯುವುದು ಎಷ್ಟು ಸರಿ? ಇನ್ನೊಂದು ಮಾತು: ರೋ ತನ್ನನ್ನು ದರಬಾರಿನ ನಡುವೆ ನಿಲ್ಲಿಸಿಕೊಂಡು ಸಂಪುಟ ತುಂಬುವಷ್ಟು ಬರೆದಿದ್ದಾನೆ, ಜಹಾಂಗೀರನು ತನ್ನ ಆತ್ಮಕಥೆಯಲ್ಲಿ ರೋನ ಹೆಸರನ್ನೇ ಎತ್ತಿಲ್ಲ.

ಆದರೂ ರೋ ಸಂಗ್ರಹಿಸಿದುದು ವ್ಯರ್ಥವಾಗಲಿಲ್ಲ. ಬಾದಶಹನ ದಫ್ತರದ ಆಧಾರದಿಂದ ಪ್ರಾಂತ್ಯಗಳ ಪಟ್ಟಿಯನ್ನು ಅವನು ತೆಗೆದುಕೊಂಡನು. 1619ರಲ್ಲಿ ಊರಿಗೆ ಮರಳಿದ ಅವನ ಹಡಗಿನಲ್ಲಿಯೇ ಇದ್ದ ಬಾಫಿನ್ ಎಂಬ ನಾವಿಕನು ಅವನ ಮಾಹಿತಿಯಿಂದ ಬರೆದ ಮೊಗಲ್ ರಾಜ್ಯದ ನಕ್ಷೆ ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾಯಿತು. ಯುದ್ಧವೂ ವ್ಯಾಪಾರವೂ ಒಂದೆಡೆ ಕೂಡಿರಲಾರವು, ಕೋಟೆ ಕಟ್ಟಿ ಸೈನ್ಯ ಸಾಕಿ ಪೋರ್ಚುಗೀಸರು ಬಡವರಾದರು, ನಾವು ಕಡಲಿನಲ್ಲಿಯೇ ಶಾಂತವಾಗಿ ವ್ಯಾಪಾರ ಮಾಡೋಣವೆಂದು ಅವನು ಕಂಪೆನಿಗೆ ಬರೆದ ಸಲಹೆಯೂ ಪ್ರಸಿದ್ಧವಾದುದು. ಕಂಪೆನಿ ಆ ಸಲಹೆಯನ್ನು ಎಷ್ಟು ಕಾಲ ಪಾಲಿಸಿತು, ಯಾವಾಗ ಗಾಳಿಗೆ ತೂರಿತು ಎಂಬುದನ್ನು ನಮ್ಮ ವಾಚಕರಿಗೆ ನಾನು ಹೇಳಬೇಕಾಗಿಲ್ಲ.

ಈ ಕಲೆಯೆಲ್ಲ ಪಾಶ್ಚಾತ್ಯರದೇ, ನಮ್ಮವರು ಕೇವಲ ನೋಡಿಸಿಕೊಂಡವರು ಎಂದು ತಿಳಿಯಬಾರದು. ವಿಜಯನಗರದ ಅಮರನಾಯಕರು ರಾಜಧಾನಿಯಲ್ಲಿ ತಮ್ಮ ಪ್ರತಿನಿಧಿಗಳನ್ನು ಇಟ್ಟಿರುತ್ತಿದ್ದರು. ಅವರಿಗೆ ಸ್ಥಾನಾಪತಿಗಳೆಂದು ಹೆಸರು. ಅವರು ದಿನವೂ ಅರಮನೆಗೆ ಹೋಗಿ, ನಡೆದುದನ್ನೆಲ್ಲ ತಿಳಿದು ಒಡೆಯರಿಗೆ ಬರೆಯುತ್ತಿದ್ದರೆಂದು ನೂನಿಜನೇ ಹೇಳಿದ್ದಾನೆ. ಪರದೇಶದ ದೂತನ ಬೆನ್ನ ಹಿಂದಿನ ವಿಚಾರಣೆಯೂ ನಮ್ಮಲ್ಲಿ ನಡೆಯುತ್ತಿತ್ತು. ಹೆರಾತಿನ ಶಾಹ್ ರುಖ್ ದೊರೆಯ ರಾಯಭಾರಿಯಾಗಿ ಬಂದ ಅಬ್ದುರ್ ರಜಾಕನು 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನದಲ್ಲಿದ್ದಾಗ, ಹೊರ್ಮುಜಿನ ಕೆಲವರು ಇವನು ನಿಜವಾದ ರಾಯಭಾರಿಯೇ ಅಲ್ಲವೆಂದು ದೂರು ಹಬ್ಬಿಸಿದರು. ಅವನಿಗೆ ನಡೆಯುತ್ತಿದ್ದ ದಿನದ ಪಡಿ ನಿಂತಿತು. ಕೊನೆಗೆ ರಾಯನು ಅವನನ್ನು ಬೀಳ್ಕೊಡುವಾಗ, ನೀನು ನಿಜವಾಗಿ ಶಾಹ್ ರುಖ್ ಕಳಿಸಿದವನೆಂದು ಖಚಿತವಾಗಿದ್ದರೆ ಇನ್ನೂ ಹೆಚ್ಚಿನ ಮರ್ಯಾದೆ ಮಾಡುತ್ತಿದ್ದೆವು ಎಂಬರ್ಥದ ಮಾತನ್ನಾಡಿದನಂತೆ. ಇದನ್ನು ಬರೆದವನು ರಜಾಕನೇ. ಹಂಪೆಯ ವೈಭವವನ್ನು ಅವನು ಬಣ್ಣಿಸಿದ ಪುಟಗಳನ್ನು ನಾವು ಬಾಯಿಪಾಠ ಮಾಡುತ್ತೇವೆ. ಈ ಪುಟವನ್ನು ಬಿಡುತ್ತೇವೆ.

ಲಿಸ್ಬನ್ನಿನಿಂದ ಹೊರಟ ಮೆಣಸಿನ ಕಥೆ ಕೊನೆಗೆ ನಮ್ಮ ಮಲೆನಾಡಿಗೇ ಬಂದು ಮುಟ್ಟುತ್ತದೆ. ಹದಿನೇಳನೆಯ ಶತಮಾನದ ಆದಿಯಲ್ಲಿ ಗೇರುಸೊಪ್ಪೆಯ ಮೆಣಸಿನ ನಾಡು ಇಕ್ಕೇರಿಯ ವೆಂಕಟಪ್ಪ ನಾಯಕನ ಕೈಸೇರಿತ್ತು. ಪೋರ್ಚುಗೀಸರಿಗೆ ಅವನ ಸ್ನೇಹವಿಲ್ಲದೆ ಗತಿಯಿಲ್ಲ. ಅವನು ನೆಲೆ ಕೀಳಿಸಿದ್ದ ಬಂಗರ ಅರಸನ ಪಕ್ಷವನ್ನು ಬಿಡುವುದಕ್ಕೂ ಅವರಿಗೆ ಮನಸ್ಸಿಲ್ಲ. 1623ರಲ್ಲಿ ಗೋವೆಯಿಂದ ಲೈತಾವ್ ಎಂಬ ರಾಯಭಾರಿಯನ್ನು ಇಕ್ಕೇರಿಗೆ ಕಳಿಸಿದರು. ಅವನ ಪರಿವಾರದಲ್ಲಿ ಪೀಟ್ರೊ ಡೆಲ್ಲಾ ವಲ್ಲೆ ಎಂಬ ರೋಮಿನ ಶ್ರೀಮಂತನೂ ಸೇರಿಕೊಂಡನು. ಇವನಿಗೆ ರಾಜಕಾರ್ಯವೇನೂ ಇಲ್ಲ, ನೋಡುವ ಚಪಲ. ಪಾರಸೀಕ ದೇಶದಲ್ಲಿ ತೀರಿಕೊಂಡ ಹೆಂಡತಿಯ ದೇಹವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಅವನು ರೋಮಿನವರೆಗೂ ಸಾಗಿಸಿದನೆಂದರೆ ಆ ಮನುಷ್ಯನ ಸ್ವಭಾವ ತಿಳಿಯುತ್ತದೆ. ಹೊನ್ನಾವರದಿಂದ ಹೊಳೆಯ ಮೇಲೆ ಗೇರುಸೊಪ್ಪೆಗೆ, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಗೆ ಹೋದ ಆ ಪ್ರಯಾಣವನ್ನು ಅವನು ಪತ್ರಗಳಲ್ಲಿ ಬರೆದಿದ್ದಾನೆ.

ದೊರೆಯ ಪದವಿಯನ್ನು ಕುರಿತು ಅವನ ಮಾತು ಗಮನಾರ್ಹವಾದುದು. ಪೋರ್ಚುಗೀಸರು ವೆಂಕಟಪ್ಪನನ್ನು ರಾಜನೆಂದು ಕರೆಯುತ್ತಾರೆ. ಆದರೆ ನಾಯಕನೆಂದರೆ ವಿಜಯನಗರದ ಕೆಳಗಿನ ಅಧಿಕಾರಿ, ಆದುದರಿಂದ ಇವನನ್ನು ಚಿಕ್ಕ ದೊರೆಯೆಂದರೆ ಸಾಕು ಎನ್ನುತ್ತಾನೆ. ಮೆಣಸು ಬೇಕಾದವರಿಗೆ ಅವನು ರಾಜ. ಏನೂ ಬೇಡದವನಿಗೆ ಚಿಕ್ಕ ದೊರೆ! ಇಕ್ಕೇರಿಯಲ್ಲಿ ಜಕ್ಕಮ್ಮನೆಂಬ ತೆಲುಗರ ಹೆಂಗಸು ಸಹಗಮನಕ್ಕೆ ನಿಶ್ಚಯಿಸಿದ್ದಾಳೆಂದು ಕೇಳಿ, ಬೀದಿಯ ಮಾತನ್ನು ಬರೆದುಕೊಂಡು ಸುಮ್ಮನಾಗದೆ ಅವಳ ಮನೆಗೇ ಹೋದನು. ಯಾರಾದರೂ ಬಲವಂತ ಮಾಡಿದರೇ ಎಂದು ದುಭಾಷಿಗಳ ಮೂಲಕ ಅವಳನ್ನೇ ಕೇಳಿದನು. ಬೇಡವೆಂದೂ ಹೇಳಿ ನೋಡಿದನು. ತನ್ನ ಇಷ್ಟದಿಂದಲೇ ಎಂದಳಂತೆ ಆಕೆ. ದುಭಾಷಿಯ ಬಾಯಿಯಲ್ಲಿ ಬಂದ ಆ ಉತ್ತರದ ಹಿಂದೆ ಇನ್ನೇನಿತ್ತೋ, ಓದುವವರ ಎದೆ ಭಾರವಾಗುತ್ತದೆ.

ಘಟ್ಟದ ಮೇಲೆ ಗುಡಿಯೊಂದರ ಜಗಲಿಯಲ್ಲಿ ನಾಲ್ಕು ಹುಡುಗರು ಲೆಕ್ಕ ಕಲಿಯುವುದನ್ನು ಅವನು ಕಂಡನು. ನೆಲದ ಮೇಲೆ ನಯವಾದ ಮರಳನ್ನು ಹರಡಿ, ಒಬ್ಬನು ರಾಗವಾಗಿ ಪಾಠ ಹೇಳುತ್ತ ಬೆರಳಿನಿಂದ ಬರೆಯುವನು, ಮಿಕ್ಕವರು ಹಾಗೆಯೇ ಹೇಳುತ್ತ ಬರೆಯುವರು. ಗುರುಗಳು ಹತ್ತಿರದಲ್ಲಿಲ್ಲ. ತಪ್ಪಿದರೆ ತಿದ್ದುವವರು ಯಾರೆಂದು ಇವನು ಕೇಳಿದನು. ನಾಲ್ವರೂ ಒಂದೇ ಕಡೆ ತಪ್ಪುವುದು ಸಾಧ್ಯವಿಲ್ಲ, ಒಬ್ಬನು ತಪ್ಪಿದರೆ ಇನ್ನೊಬ್ಬನು ತಿದ್ದುತ್ತಾನೆ ಎಂದು ಹುಡುಗರು ಉತ್ತರ ಕೊಟ್ಟರು. ನಿಜವೇ ಎಂದು ಒಪ್ಪಿಕೊಂಡು ಡೆಲ್ಲಾ ವಲ್ಲೆ ಅದನ್ನು ಬರೆದಿಟ್ಟನು. ವೆನಿಸ್ಸಿನ ಸೆನೆಟ್ಟು ಹತ್ತು ಊರುಗಳ ಪತ್ರಗಳನ್ನು ಒಟ್ಟಿಗೆ ಓದಿಸಿ ಕೇಳುತ್ತಿದ್ದುದೂ ಇದೇ ನಂಬಿಕೆಯಿಂದ.

ಆ ಪರಿವಾರದಲ್ಲಿ ಇನ್ನೊಬ್ಬನಿದ್ದನು. ಡೆಲ್ಲಾ ವಲ್ಲೆ ಅವನನ್ನು ವಿಠಲ ಶೆಣೈ ಎಂದು ಕರೆಯುತ್ತಾನೆ. ವೆಂಕಟಪ್ಪ ನಾಯಕನ ರಾಯಭಾರಿಯಾಗಿ ಗೋವೆಯಲ್ಲಿದ್ದು, ಈಗ ತನ್ನ ದೊರೆಯ ಬಳಿಗೆ ಮರಳುತ್ತಿದ್ದ ಬ್ರಾಹ್ಮಣ ಅವನು. ಪೋರ್ಚುಗೀಸರು ಇಕ್ಕೇರಿಯನ್ನು ನೋಡಬರುವ ಮುನ್ನವೇ ಇಕ್ಕೇರಿಯ ಕಣ್ಣು ಗೋವೆಯನ್ನು ನೋಡಿತ್ತು. ಅಲ್ಲಿನ ಹಡಗುಗಳೆಷ್ಟು, ಬೊಕ್ಕಸದಲ್ಲಿ ಹಣವಿದೆಯೇ, ಮೆಣಸಿನ ಅಗತ್ಯ ಎಷ್ಟು ತೀವ್ರವಾದುದು, ಇವೆಲ್ಲ ನಾಯಕನಿಗೆ ಬೇಕಾದ ಸಂಗತಿಗಳು. ಇವುಗಳನ್ನು ತಿಳಿಯಲು ತಕ್ಕ ಜಾಗದಲ್ಲಿ ತಕ್ಕ ಮನುಷ್ಯನಿದ್ದನು. ಆದರೆ ನಾವು ಅವನನ್ನು ಅರಿಯುವುದು ರೋಮಿನವನೊಬ್ಬನ ಪತ್ರದ ಮೂಲಕ. ಲಿಸ್ಬನ್ ಯಾರೋ ಒಬ್ಬ ಇತಿಹಾಸಕಾರನಿಗಾಗಿ ಗೋವೆಯಿಂದ ತರಿಸಿಕೊಂಡದ್ದರಿಂದಲೇ ಪಾಯೆಸ್, ನೂನಿಜರ ಬರಹಗಳು ಉಳಿದವು. ಪ್ಯಾರಿಸ್ಸಿನ ಗ್ರಂಥಾಲಯದಲ್ಲಿದ್ದ ಅವನ್ನು ಲೋಪೆಸನು 1897ರಲ್ಲಿ ಅಚ್ಚುಹಾಕಿಸಿದುದರಿಂದಲೇ 1900ರಲ್ಲಿ ಸೂವೆಲ್ಲನ ಗ್ರಂಥ ಬಂದಿತು. ನಮ್ಮ ಪಾಠವೂ ಬಂದಿತು. ವಿಠಲ ಶೆಣೈ ಅರಿಕೆ ಮಾಡಿದ ಮಾತಿಗೆ ಅಂತಹ ಭಾಗ್ಯ ಬರಲಿಲ್ಲ.

ಆದರೆ ಪೂರ್ತಿ ನಿರಾಶರಾಗಬೇಕಾಗಿಲ್ಲ. ಗೋವೆಯ ಪೋರ್ಚುಗೀಸ್ ಸರಕಾರ ನೆರೆಯ ದೊರೆಗಳೊಡನೆ ನಡೆಸಿದ ಪತ್ರವ್ಯವಹಾರವನ್ನು ಪ್ರತ್ಯೇಕವಾಗಿ ಪುಸ್ತಕಗಳಲ್ಲಿ ನಕಲಿಸಿ ಇಟ್ಟಿತ್ತು. 'ನೆರೆಯ ದೊರೆಗಳ ಪುಸ್ತಕಗಳು' ಎಂಬ ಹೆಸರಿನ ಆ ಸಾಲು ಪಣಜಿಯ ದಫ್ತರಖಾನೆಯಲ್ಲಿದೆ. ಸಮುದ್ರ ದಾಟಿ ಲಿಸ್ಬನ್ನಿಗೆ ಹೋಗಬೇಕಾಗಿಲ್ಲ. ಕಾರವಾರದಿಂದ ಒಂದು ಬೆಳಗಿನ ಪ್ರಯಾಣ. ಬೇಕಾದುದು ಪೋರ್ಚುಗೀಸ್ ಭಾಷೆ, ಮತ್ತು ಹಳೆಯ ಕೈಬರಹವನ್ನು ಓದುವ ತಾಳ್ಮೆ. ವೆನಿಸ್ ತನ್ನ ಹುಡುಗರನ್ನು ಭಾಷೆ ಕಲಿಯಲೆಂದು ಕಾನ್‌ಸ್ಟಾಂಟಿನೋಪಲಿಗೆ ಕಳಿಸಿತು. ನಮ್ಮ ಕಾಲೇಜಿನ ಇತಿಹಾಸ ಸಂಘ ವರ್ಷಕ್ಕೊಬ್ಬ ವಿದ್ಯಾರ್ಥಿಯನ್ನು ರಜೆಯ ಎರಡು ತಿಂಗಳು ಪಣಜಿಗೆ ಕಳಿಸಬಹುದೇ ಎಂಬುದನ್ನು ಅಧ್ಯಾಪಕರು ಯೋಚಿಸಬೇಕೆಂದು ಬೇಡುತ್ತೇನೆ.